ಹಿತ್ತಲಿಗೆ ಕಯೋಟಿ ಬಂತು: ಬೇಲಿ ಕಟ್ಟೋದೋ, ಬೆದರಿಸೋದೋ, ಹಿಡಿಸೋದೋ?

ಫ್ರೀಮಾಂಟ್, ಅರ್ವೈನ್, ಫ್ರಿಸ್ಕೊ, ನೇಪರ್‌ವಿಲ್. ಅಮೆರಿಕದಲ್ಲಿ ನಮ್ಮವರಿರುವ ಯಾವ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಾದರೂ ಈ ವಿಡಿಯೋ ಆಗಾಗ ಬರುತ್ತದೆ. ರಾತ್ರಿ ಹೊತ್ತು, ಬಾಗಿಲ ಕ್ಯಾಮೆರಾದ ಎದುರು, ಬೂದು ಬಣ್ಣದ ಉದ್ದ ಕಾಲಿನ ಕಯೋಟಿ, ಅಂದರೆ ನರಿ, ತೋಳಗಳ ಜಾತಿಯ ಕಾಡುಪ್ರಾಣಿಯೊಂದು, ಬಾಲ ಇಳಿಬಿಟ್ಟುಕೊಂಡು ಡ್ರೈವ್‌ವೇ ದಾಟಿ ಹೋಗುತ್ತದೆ. ಕೆಳಗೆ ಸಲಹೆಗಳ ಸುರಿಮಳೆ. ಒಬ್ಬರು ಹಿಡಿಸಿ ಕಾಡಿಗೆ ಬಿಡಿಸಿ ಅಂತಾರೆ. ಇನ್ನೊಬ್ಬರು ಶಬ್ದ ಮಾಡುವ ಯಂತ್ರದ ಲಿಂಕ್ ಕಳಿಸ್ತಾರೆ. ಮೂರನೆಯವರು ಬೇಲಿ ಎತ್ತರಿಸಿ ಅಂತಾರೆ. ಮತ್ತೊಬ್ಬರು, ಪಾಪ, ಅದರ ಜಾಗಕ್ಕೆ ನಾವೇ ಬಂದಿರೋದು ಅಲ್ವಾ, ಸುಮ್ನೆ ಬಿಡಿ ಅಂತಾರೆ.

ಇವುಗಳಲ್ಲಿ ಹೆಚ್ಚಿನ ಸಲಹೆಗಳು ಒಂದೊಂದು ಸಂದರ್ಭಕ್ಕೆ ಹೇಳಿದವು. ಯಾವುದಕ್ಕೆ ಯಾವುದು ಅನ್ನೋದೇ ಪ್ರಶ್ನೆ. ಅದನ್ನು ಆ ಪ್ರಾಣಿಯ ನಡತೆ ನೋಡಿ ತೀರ್ಮಾನಿಸಬೇಕು. ಗುಂಪಿನಲ್ಲಿ ಯಾರು ಜಾಸ್ತಿ ಹೆದರಿದ್ದಾರೆ ಅನ್ನೋದರ ಮೇಲೆ ತೀರ್ಮಾನ ಮಾಡಿದರೆ ದುಡ್ಡು ಹೋಗುತ್ತದೆ, ಕಯೋಟಿ ಹೋಗುವುದಿಲ್ಲ.

ಮೊದಲು, ಅದು ಏನು ಮಾಡುತ್ತಿದೆ?

ಕಯೋಟಿ ನಮ್ಮ ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ತುಂಬಾ ಚಿಕ್ಕದು. ಹೆಚ್ಚಿನವು 10ರಿಂದ 20 ಕೆಜಿ ತೂಗುತ್ತವೆ. ಹವಾಯಿ ಒಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೂ ಕಂಡಿವೆ. ಹಾಗಾಗಿ ನಿಮ್ಮ ಬಡಾವಣೆಯಲ್ಲಿ ಕಯೋಟಿ ಇದೆ ಅನ್ನೋದು ಸುದ್ದಿಯೇ ಅಲ್ಲ.

ರಾತ್ರಿ ರಸ್ತೆ ದಾಟಿದರೆ, ಮನುಷ್ಯರನ್ನು ಕಂಡ ಕೂಡಲೇ ಓಡಿದರೆ, ಏನೂ ಮಾಡಬೇಕಾಗಿಲ್ಲ. ಹಗಲಲ್ಲಿ ಕಂಡಿತು ಅಂದ ಮಾತ್ರಕ್ಕೆ ಹುಚ್ಚು ಹಿಡಿದಿದೆ ಅಂತಲೂ ಅಲ್ಲ. ಮರಿಗಳಿರುವ ಕಾಲದಲ್ಲಿ ಹಗಲಲ್ಲೂ ಬೇಟೆಗೆ ಬರುತ್ತವೆ. ಊಳಿಡುವುದು ಕೇಳಿಸಿದರೆ ಲೆಕ್ಕ ಹಾಕಲು ಹೋಗಬೇಡಿ. ಎರಡೇ ಕಯೋಟಿಗಳು ದನಿ ಏರಿಳಿಸಿ ಕೂಗಿದರೆ ಹತ್ತು ಇದ್ದಂತೆ ಕೇಳುತ್ತದೆ. "ದೊಡ್ಡ ಹಿಂಡೇ ಬಂದಿದೆ" ಅನ್ನುವ ಎಷ್ಟೋ ಮೆಸೇಜುಗಳ ಹಿಂದೆ ಇರುವುದು ಒಂದು ಗಂಡ ಹೆಂಡತಿ ಜೋಡಿ ಅಷ್ಟೇ.

ಮತ್ತೆ ಮತ್ತೆ ಹಿತ್ತಲಿಗೇ ಬಂದು ಕೂತರೆ, ಕೂಗಿದರೂ ನಿಂತು ನೋಡಿದರೆ, ಅದು ಎರಡನೇ ಹಂತ. ಈ ಬರಹದ ಹೆಚ್ಚಿನ ಭಾಗ ಆ ಹಂತಕ್ಕೆ. ಜನರ ಹತ್ತಿರಕ್ಕೇ ಬಂದರೆ, ಕೈಯಲ್ಲಿ ಲೀಶ್ ಹಿಡಿದಿರುವಾಗಲೇ ನಾಯಿಗೆ ಬಾಯಿ ಹಾಕಿದರೆ, ಮಕ್ಕಳ ಹಿಂದೆ ಬಂದರೆ, ಅದು ಬೇರೆಯೇ ಮಾತು. ಆಗ ಬೇಲಿ, ಸೀಟಿ ಅಂತ ಕೂರಬೇಡಿ. ನಗರದ ಅನಿಮಲ್ ಕಂಟ್ರೋಲ್‌ಗೆ (ಪ್ರಾಣಿಗಳ ದೂರು ನೋಡುವ ವಿಭಾಗ) ಅದೇ ದಿನ ಫೋನ್ ಮಾಡಿ.

ಅಪಾಯ ಎಷ್ಟು ಅಂದರೆ, ಅಮೆರಿಕ ಮತ್ತು ಕೆನಡಾ ಎರಡೂ ಸೇರಿ ಕಯೋಟಿಯಿಂದ ಮನುಷ್ಯರು ಸತ್ತದ್ದು ದಾಖಲಾಗಿರುವುದು ಎರಡೇ ಸಲ. ಒಂದು 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ, ಮೂರು ವರ್ಷದ ಮಗು. ಇನ್ನೊಂದು 2009ರಲ್ಲಿ ಕೆನಡಾದ ನೋವಾ ಸ್ಕೋಶಿಯಾದ ರಾಷ್ಟ್ರೀಯ ಉದ್ಯಾನದಲ್ಲಿ, 19 ವರ್ಷದ ಯುವತಿ. ಕಚ್ಚಿದ ಪ್ರಕರಣಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಚಿಕ್ಕ ನಾಯಿ, ಬೆಕ್ಕುಗಳ ಪಾಡಂತೂ ಬೇರೆ.

ಊಟ ನಿಲ್ಲಿಸುವುದು: ಖರ್ಚಿಲ್ಲ, ಆದರೆ ಯಾರಿಗೂ ಇಷ್ಟವಿಲ್ಲ

ಎಲ್ಲ ದಾರಿಗಳಿಗಿಂತ ಮೊದಲು ಬರುವುದು ಇದು. ಬೇರೆ ಯಾವುದನ್ನು ಆರಿಸಿಕೊಂಡರೂ ಇದನ್ನು ಬಿಡುವಂತಿಲ್ಲ.

2022ರ ಮೇ ತಿಂಗಳಲ್ಲಿ ಡಾಲಸ್‌ನಲ್ಲಿ ಎರಡು ವರ್ಷದ ಮಗು ಮನೆಯ ಮುಂಬಾಗಿಲ ಜಗಲಿಯಲ್ಲಿದ್ದಾಗ ಕಯೋಟಿ ಎರಗಿತು. ಮಗುವಿಗೆ ತೀವ್ರ ಗಾಯವಾಯಿತು. ವಿಚಾರಿಸಿದಾಗ ಗೊತ್ತಾಗಿದ್ದು, ಆ ಬೀದಿಯಲ್ಲಿ ಕೆಲವರು ಅದಕ್ಕೆ ಕೈಯಾರೆ ತಿನ್ನಿಸುತ್ತಿದ್ದರು, ಮೈದಡವುತ್ತಿದ್ದರು. ಕೆನಡಾದ ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿನಲ್ಲಿ 2020ರ ಡಿಸೆಂಬರ್‌ನಿಂದ ಕೆಲವೇ ತಿಂಗಳಲ್ಲಿ 40ಕ್ಕೂ ಹೆಚ್ಚು ಜನರ ಮೇಲೆ ಕಯೋಟಿಗಳು ಬಿದ್ದವು. ಅಲ್ಲೂ ಜನ ತಿಂಡಿ ಹಾಕಿ ಅಭ್ಯಾಸ ಮಾಡಿಸಿದ್ದರು. ಕೊನೆಗೆ ಸರ್ಕಾರದವರೇ ಹಲವು ಕಯೋಟಿಗಳನ್ನು ಕೊಲ್ಲಬೇಕಾಯಿತು.

ಕೈಯಾರೆ ತಿನ್ನಿಸುವವರು ಅಪರೂಪ. ಗೊತ್ತಿಲ್ಲದೆ ತಿನ್ನಿಸುವವರು ಬೀದಿಗೆ ನಾಲ್ಕು ಜನ. ನಮ್ಮ ಮನೆಗಳ ಮಟ್ಟಿಗೆ ಹೇಳುವುದಾದರೆ, ಕಾಗೆಗೆ ಅಂತ ಪ್ಯಾಟಿಯೋ ಕಟ್ಟೆಯ ಮೇಲಿಟ್ಟ ಅನ್ನ. ಗಿಡದ ಬುಡಕ್ಕೆ ಸುರಿದ ಉಳಿದ ಸಾರು, ಪಲ್ಯ. ಮುಚ್ಚಳವಿಲ್ಲದ ಕಾಂಪೋಸ್ಟ್ ಗುಂಡಿ. ಮರದಡಿ ಬಿದ್ದು ಕೊಳೆಯುತ್ತಿರುವ ಅಂಜೂರ, ಸೀಬೆ, ಪರ್ಸಿಮನ್. ಊರಿಂದ ಬಂದ ಅಮ್ಮನಿಗೆ, ಕಾಗೆಗೆ ಅನ್ನ ಇಡಬೇಡಮ್ಮ ಅಂತ ಹೇಳುವುದು ಕಷ್ಟ, ಒಪ್ಪುತ್ತೇನೆ. ಹಗಲು ಹೊತ್ತಲ್ಲಿ ಒಂದು ತಟ್ಟೆಯಲ್ಲಿಟ್ಟು, ಹಕ್ಕಿ ತಿಂದಾದ ಮೇಲೆ ತಟ್ಟೆ ಒಳಗೆ ತಂದರೆ ಆಯಿತು. ಸಂಜೆ ಮೇಲೆ ಹೊರಗೇನೂ ಉಳಿಯಬಾರದು.

ಹಣ್ಣಿನ ಮಾತು ಯಾರೂ ನಂಬುವುದಿಲ್ಲ. ಷಿಕಾಗೋ ಸುತ್ತಮುತ್ತ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಗೆರ್ಟ್ ಮತ್ತು ಅವರ ತಂಡ 2000ದಿಂದ ಕಯೋಟಿಗಳ ಬೆನ್ನುಬಿದ್ದಿದ್ದಾರೆ. ಅವರು ಹಿಕ್ಕೆಗಳನ್ನು ಬಿಡಿಸಿ ನೋಡಿದಾಗ 42% ಹಿಕ್ಕೆಗಳಲ್ಲಿ ಇಲಿ ಜಾತಿಯ ಪ್ರಾಣಿಗಳು, 23%ರಲ್ಲಿ ಹಣ್ಣು, 22%ರಲ್ಲಿ ಜಿಂಕೆ, 18%ರಲ್ಲಿ ಮೊಲ ಸಿಕ್ಕವು. ಬೆಕ್ಕು ಸಿಕ್ಕಿದ್ದು 1%ರ ಆಸುಪಾಸು. ಹಾಗಂತ ಲಾಸ್ ಏಂಜಲೀಸ್‌ನವರು ನಿರಾಳವಾಗಿ ಬೆಕ್ಕನ್ನು ಹೊರಗೆ ಬಿಡಬೇಡಿ. ಅಲ್ಲಿ ನಗರದ ನಡುವಿನ ಕಯೋಟಿಗಳ ಹಿಕ್ಕೆ ನೋಡಿದಾಗ ಐದರಲ್ಲಿ ಒಂದರಲ್ಲಿ ಬೆಕ್ಕು ಇತ್ತು. ಊರಿಂದ ಊರಿಗೆ ಊಟ ಬೇರೆ.

ಇಲಿ ಎಲ್ಲಿದೆಯೋ ಕಯೋಟಿ ಅಲ್ಲಿಗೆ ಬರುತ್ತದೆ. ಹಕ್ಕಿಗೆ ಕಾಳು ಹಾಕುವ ಫೀಡರ್ ಕೆಳಗೆ ಚೆಲ್ಲಿದ ಕಾಳಿಗೆ ಇಲಿ, ಅಳಿಲು, ಅವುಗಳ ಹಿಂದೆ ಕಯೋಟಿ. ಅದಕ್ಕೆ ಇಲಿಪಾಷಾಣ ಇಡುವುದು ಮಾತ್ರ ಬೇಡ. ಸತ್ತ ಇಲಿ ತಿಂದ ಕಯೋಟಿ, ಗೂಬೆ, ಗಿಡುಗಗಳ ಮೈಗೂ ವಿಷ ಸೇರುತ್ತದೆ. ಕಾಯಿಲೆ ಬಿದ್ದ ಕಯೋಟಿಗೆ ಬೇಟೆ ಆಗುವುದಿಲ್ಲ, ಸುಲಭದ ಊಟ ಹುಡುಕಿ ಮನೆಗಳ ಹತ್ತಿರಕ್ಕೇ ಬರುತ್ತದೆ. ಕೂದಲು ಉದುರಿ, ಕಜ್ಜಿ ಹಿಡಿದು, ಹಗಲಲ್ಲೇ ಯಾರದೋ ಡೆಕ್ ಕೆಳಗೆ ಮಲಗಿರುವುದು ಇಂಥದ್ದೇ. ಕಾಳು ಗುಡಿಸಿ ತೆಗೆಯುವುದು, ಸ್ವಲ್ಪ ದಿನ ಫೀಡರ್ ಇಳಿಸುವುದು ವಾಸಿ.

ಈ ದಾರಿಯ ದೊಡ್ಡ ತೊಂದರೆ ಅಕ್ಕಪಕ್ಕದವರು. ಷಿಕಾಗೋ ಲೆಕ್ಕದಲ್ಲಿ ಒಂದು ಕಯೋಟಿ ಕುಟುಂಬದ ವ್ಯಾಪ್ತಿ ಸುಮಾರು 5 ಚದರ ಕಿಲೋಮೀಟರ್. ಅಷ್ಟರಲ್ಲಿ ಎಷ್ಟು ಮನೆ ಬರುತ್ತದೆ ನೋಡಿಕೊಳ್ಳಿ. ನೀವೊಬ್ಬರೇ ಹಿತ್ತಲು ಚೊಕ್ಕಟ ಮಾಡಿದರೆ ನಿಮ್ಮ ಹಿತ್ತಲಿಗೆ ಬರುವುದು ಕಡಿಮೆಯಾದೀತು. ಬೀದಿ ಬಿಟ್ಟು ಹೋಗುವುದಿಲ್ಲ.

ಬೇಲಿಯೋ, ಬೆದರಿಸುವುದೋ?

ಹೆಚ್ಚಿನವರ ನಿಜವಾದ ಆಯ್ಕೆ ಇವೆರಡರ ನಡುವೆ. ಬೇಲಿಗೆ ದುಡ್ಡು ಬೇಕು, ಒಮ್ಮೆ ಹಾಕಿದರೆ ಮುಗಿಯಿತು. ಬೆದರಿಸುವುದಕ್ಕೆ ದುಡ್ಡು ಬೇಡ, ಆದರೆ ನೀವೇ ಬೇಕು, ಪ್ರತಿ ಸಲ ಬೇಕು.

ಆರು ಅಡಿ ಮರದ ಬೇಲಿ ಇದೆ, ಇನ್ನೇನು ಅಂತ ಕೂರುವವರು ಕಯೋಟಿ ಬೇಲಿ ಹಾರುವ ವಿಡಿಯೋ ಒಂದನ್ನು ನಿಧಾನಗತಿಯಲ್ಲಿ ಹಾಕಿ ನೋಡಬೇಕು. ಅದು ಒಂದೇ ನೆಗೆತಕ್ಕೆ ದಾಟುವುದಿಲ್ಲ. ಕೆಳಗಿಂದ ಚಿಮ್ಮಿ, ಮುಂಗಾಲಿನ ಪಂಜಗಳನ್ನು ಬೇಲಿಯ ಮೇಲಂಚಿಗೆ ಸಿಕ್ಕಿಸುತ್ತದೆ. ಹಿಂಗಾಲಲ್ಲಿ ಹಲಗೆಗೆ ಒದ್ದು ಮೈ ಎಳೆದುಕೊಳ್ಳುತ್ತದೆ. ಒಂದು ಗಳಿಗೆ ಅಂಚಿನ ಮೇಲೆ ನಾಲ್ಕೂ ಕಾಲು ಕೂಡಿಸಿ ನಿಂತು ಒಳಗೆ ಇಳಿಯುತ್ತದೆ. ಅಂದರೆ ಅದಕ್ಕೆ ಬೇಕಾದ್ದು ಹಿಡಿತ. ತಂತಿ ಜಾಲರಿ ಬೇಲಿಯಾದರೆ ಹಿಡಿತ ಪೂರ್ತಿ ಉದ್ದಕ್ಕೂ ಸಿಗುತ್ತದೆ.

ಈ ಹಿಡಿತ ತಪ್ಪಿಸಲೆಂದೇ ಕಯೋಟಿ ರೋಲರ್ ಅನ್ನುವ ಸಾಮಾನು ಬರುತ್ತದೆ. ಬೇಲಿಯ ತಲೆಗೆ ಕೂರಿಸುವ ಅಲ್ಯೂಮಿನಿಯಂ ಕೊಳವೆ, ಪಂಜ ಇಟ್ಟರೆ ಗಿರ್ರನೆ ತಿರುಗುತ್ತದೆ, ಪ್ರಾಣಿ ಜಾರಿ ಹೊರಗೇ ಬೀಳುತ್ತದೆ. ಗಾಯವೇನೂ ಆಗುವುದಿಲ್ಲ. ಹಿತ್ತಲು ಪೂರ್ತಿ ಹಾಕಿಸಬೇಕು, ಒಂದು ಮೂಲೆ ಬಿಟ್ಟರೂ ಅಲ್ಲಿಂದಲೇ ಬರುತ್ತದೆ. ಬೇಲಿ ಆರು ಅಡಿಗಿಂತ ಕಡಿಮೆ ಇದ್ದರೆ ರೋಲರ್ ಹಾಕಿ ಪ್ರಯೋಜನವಿಲ್ಲ. ಬೇಲಿಗೆ ಒರಗಿಸಿದ ಸೌದೆ ರಾಶಿ, ಎಸಿಯ ಹೊರಗಿನ ಪೆಟ್ಟಿಗೆ, ದೊಡ್ಡ ಹೂಕುಂಡ ಅದಕ್ಕೆ ಮೆಟ್ಟಿಲು. ಅವನ್ನು ಸರಿಸಿ.

ಮೇಲೆ ನೋಡಿದವರು ಕೆಳಗೆ ಮರೆಯುತ್ತಾರೆ. ಗೇಟಿನ ಅಡಿ ಒಂದು ಗೇಣು ಸಂದು ಇದ್ದರೆ ಬೇಲಿಯ ಎತ್ತರಕ್ಕೆ ಅರ್ಥವಿಲ್ಲ. ಕಯೋಟಿ ಕೆರೆದು ನುಸುಳುತ್ತದೆ. ಬೇಲಿಯ ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿಯಷ್ಟು ತಂತಿ ಜಾಲರಿ ಹಾಸಿ ಮಣ್ಣು ಮುಚ್ಚಿದರೆ ಸಾಕು. ಅದು ಬೇಲಿಯ ಬುಡದಲ್ಲೇ ಕೆರೆಯಲು ನಿಲ್ಲುತ್ತದೆ, ಕಾಲಡಿ ಜಾಲರಿ ಸಿಗುತ್ತದೆ. ದುಡ್ಡು ಕಡಿಮೆ ಇದ್ದವರಿಗೆ ನನ್ನ ಸಲಹೆ, ರೋಲರ್‌ಗಿಂತ ಮೊದಲು ಈ ಕೆಳಗಿನ ಕೆಲಸ ಮುಗಿಸಿ. ಒಂದು ಶನಿವಾರ, ಒಂದು ಸುರುಳಿ ಜಾಲರಿ, ಒಂದು ಗುದ್ದಲಿ.

ಆರು ಅಡಿಗಿಂತ ಎತ್ತರ ಬೇಕಂದರೆ ಹೆಚ್ಚಿನ ಕಡೆ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಅಥವಾ ನಗರದ ಒಪ್ಪಿಗೆ ಬೇಕಾಗುತ್ತದೆ. ರೋಲರ್ ಹಾಕುವ ಮುಂಚೆಯೂ ಕೇಳಿಕೊಳ್ಳಿ. ಕೆಲವು ಎಚ್‌ಒಎಗಳಿಗೆ ಕಯೋಟಿಗಿಂತ ಬೇಲಿಯ ಅಂದವೇ ದೊಡ್ಡ ಚಿಂತೆ.

ಇನ್ನು ಬೆದರಿಸುವುದು. ಇಲ್ಲಿಯವರು ಇದನ್ನು ಹೇಸಿಂಗ್ ಅಂತಾರೆ. ಎರಡೂ ಕೈ ಮೇಲೆತ್ತಿ, ಮೈ ದೊಡ್ಡದು ಮಾಡಿ, ಅದರ ಕಣ್ಣು ನೋಡುತ್ತಾ ಗಟ್ಟಿಯಾಗಿ ಗದರಿಸಿ. ಎರಡು ಹೆಜ್ಜೆ ಮುಂದಿಡಿ. ಖಾಲಿ ಸೋಡಾ ಡಬ್ಬಿಗೆ ಒಂದಷ್ಟು ಪೆನ್ನಿ ನಾಣ್ಯ ಹಾಕಿ ಬಾಯಿಗೆ ಟೇಪ್ ಸುತ್ತಿ ಅಲ್ಲಾಡಿಸಿದರೆ ಬರುವ ಸದ್ದು ಕಯೋಟಿಗೆ ಹಿಡಿಸುವುದಿಲ್ಲ. ಸೀಟಿ, ಏರ್ ಹಾರ್ನ್, ನೀರಿನ ಪೈಪು, ಅದರ ಕಡೆಗೆ ಎಸೆದ ಟೆನಿಸ್ ಚೆಂಡು, ಎಲ್ಲವೂ ಆದೀತು. ಬೀದಿ ನಾಯಿಗಳ ಊರಲ್ಲಿ ಬೆಳೆದ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಆದರೆ ಜನ ಎರಡು ಕಡೆ ತಪ್ಪುತ್ತಾರೆ. ಒಂದು, ಕಿಟಕಿಯಿಂದಲೋ ಕಾರಿನೊಳಗಿಂದಲೋ ಕೂಗುತ್ತಾರೆ. ಕಯೋಟಿಗೆ ಸದ್ದು ಕೇಳಿಸುತ್ತದೆ, ಮನುಷ್ಯ ಕಾಣುವುದಿಲ್ಲ. ಅದು ಹೆದರಬೇಕಾದ್ದು ಮನುಷ್ಯನಿಗೆ. ಎರಡು, ಅರ್ಧಕ್ಕೆ ನಿಲ್ಲಿಸುತ್ತಾರೆ. ಅದು ಹತ್ತು ಅಡಿ ಸರಿದು ತಿರುಗಿ ನೋಡಿದಾಗ ಇವರು ಒಳಗೆ ಹೋಗಿಬಿಡುತ್ತಾರೆ. ಆಗ ಅದು ಕಲಿಯುವ ಪಾಠ ಒಂದೇ: ಈ ಮನುಷ್ಯರು ಸ್ವಲ್ಪ ಹೊತ್ತು ಕೂಗುತ್ತಾರೆ, ಆಮೇಲೆ ಹೋಗುತ್ತಾರೆ. ಕಣ್ಮರೆಯಾಗುವವರೆಗೂ ನಿಲ್ಲಿಸಬಾರದು. ಅದಕ್ಕೆ ಓಡಲು ದಾರಿಯನ್ನೂ ಬಿಟ್ಟಿರಬೇಕು. ಮೂಲೆಗೆ ಒತ್ತಿದರೆ ಯಾವ ಪ್ರಾಣಿಯೂ ತಿರುಗಿ ಬೀಳುತ್ತದೆ. ಬೆನ್ನು ತೋರಿಸಿ ಓಡುವುದಂತೂ ಬೇಡವೇ ಬೇಡ.

ಬೆದರಿಸಬಾರದ ಕಾಲವೂ ಒಂದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮರಿ ಹಾಕುತ್ತವೆ. ಆಗಿನಿಂದ ಬೇಸಿಗೆ ಮುಗಿಯುವವರೆಗೆ, ನಾಯಿ ಹಿಡಿದು ಹೋಗುವವರ ಹಿಂದೆ ಸ್ವಲ್ಪ ದೂರ ಬಿಟ್ಟು ಒಂದು ಕಯೋಟಿ ನಡೆದು ಬರುವುದುಂಟು. ಅದು ಬೇಟೆಯಾಡುತ್ತಿಲ್ಲ, ಮರಿಗಳಿರುವ ಜಾಗದಿಂದ ನಿಮ್ಮ ನಾಯಿಯನ್ನು ಸಾಗಹಾಕುತ್ತಿದೆ. ಅಲ್ಲಿ ನಿಂತು ಡಬ್ಬಿ ಬಾರಿಸಿದರೆ ಜಗಳಕ್ಕೆ ಕರೆದಂತೆ. ಚಿಕ್ಕ ನಾಯಿಯನ್ನು ಎತ್ತಿಕೊಂಡು, ಕಯೋಟಿಯ ಮೇಲೊಂದು ಕಣ್ಣಿಟ್ಟು, ನಿಧಾನವಾಗಿ ಹೊರಟುಬಿಡಿ. ಕೆಲವು ತಿಂಗಳು ಬೇರೆ ದಾರಿಯಲ್ಲಿ ವಾಕಿಂಗ್ ಹೋಗಿ.

ನನ್ನ ಲೆಕ್ಕ ಹೀಗೆ. ನಾಯಿ ಹಿತ್ತಲಲ್ಲೇ ಇರುತ್ತದೆ, ನೀವು ಒಳಗೆ ಮೀಟಿಂಗಿನಲ್ಲಿ ಇರುತ್ತೀರಿ ಅನ್ನುವುದಾದರೆ ಬೇಲಿಯೇ ಸರಿ. ಬೆದರಿಸಲು ನೀವು ಅಲ್ಲಿರುವುದೇ ಇಲ್ಲವಲ್ಲ. ಬಾಡಿಗೆ ಮನೆ, ಟೌನ್‌ಹೌಸ್, ಪಾರ್ಕಿನ ಕಾಲುದಾರಿ ಅಂದರೆ ಬೆದರಿಸುವುದೇ ದಾರಿ. ಬೀದಿಯವರೆಲ್ಲ ಸೇರಿ ಮಾಡಿದರೆ ಮಾತ್ರ ಅದಕ್ಕೆ ಬಲ. ಒಬ್ಬರು ಗದರಿಸಿ ಪಕ್ಕದವರು ಫೋಟೋ ತೆಗೆಯುತ್ತಾ ನಿಂತರೆ ವ್ಯರ್ಥ. ಕೈಯಿಂದ ತಿಂದು ರೂಢಿಯಾದ ಕಯೋಟಿಯ ಮುಂದೆ ಡಬ್ಬಿ ಅಲ್ಲಾಡಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ.

ಯಂತ್ರ, ದೀಪ, ವಾಸನೆ

ಇವನ್ನು ಬೇಗ ಮುಗಿಸೋಣ. ಚಲನೆ ಕಂಡರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಪರವಾಗಿಲ್ಲ. ಬೆಲೆಯೂ ತೀರಾ ಜಾಸ್ತಿ ಅಲ್ಲ. ಜಾಗ ಬದಲಿಸುತ್ತಿರಬೇಕು. ಮಿನುಗುವ ದೀಪಗಳಿಗೆ ಬೇಗ ಹೊಂದಿಕೊಳ್ಳುತ್ತವೆ. ತೋಳದ ಮೂತ್ರ ಅಂತ ಬಾಟಲಿಯಲ್ಲಿ ಮಾರುತ್ತಾರೆ, ನಮ್ಮವರು ಮೆಣಸಿನ ಪುಡಿ ಎರಚುತ್ತಾರೆ. ಎರಡೂ ಒಂದು ಮಳೆಯವರೆಗೆ.

ಹಿಡಿದು ದೂರ ಬಿಡಿಸುವುದು

ಕೇಳಲು ಇದೇ ಒಳ್ಳೆಯದು ಅನಿಸುತ್ತದೆ. ಕೊಲ್ಲುವುದೂ ಬೇಡ, ಇಲ್ಲಿರುವುದೂ ಬೇಡ. ಆದರೆ ಎಲ್ಲ ಆಯ್ಕೆಗಳಲ್ಲಿ ನಾನು ಪೂರ್ತಿ ತಳ್ಳಿಹಾಕುವುದು ಇದೊಂದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಅನುಮತಿ ಇಲ್ಲದೆ ಕಾಡುಪ್ರಾಣಿಯನ್ನು ಬೇರೆಡೆ ಬಿಡುವುದು ಕಾನೂನಿಗೆ ವಿರುದ್ಧ. ಬೇರೆ ಹಲವು ರಾಜ್ಯಗಳಲ್ಲೂ ಕಟ್ಟುನಿಟ್ಟಿದೆ. ಕಾನೂನು ಬಿಡಿ, ಷಿಕಾಗೋ ತಂಡ ನೋಡಿದ ಹಾಗೆ, ಬೇರೆಡೆ ಬಿಟ್ಟ ಕಯೋಟಿಗಳು ಬಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಹಳೆಯ ಜಾಗದ ಕಡೆ ಹೊರಟು ರಸ್ತೆಯಲ್ಲಿ ಕಾರಿಗೆ ಸಿಕ್ಕೋ ಬೇಟೆಗಾರರಿಗೆ ಸಿಕ್ಕೋ ಸಾಯುತ್ತವೆ.

ಹಿಡಿದು ಕೊಲ್ಲಿಸುವುದು

ಇದರಲ್ಲಿ ಎರಡು ಬಗೆ ಇವೆ, ಗುಂಪಿನ ಚರ್ಚೆಯಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತಾರೆ.

ಕಚ್ಚಿದ ಒಂದು ಪ್ರಾಣಿಯನ್ನೇ ಹುಡುಕಿ ತೆಗೆಯುವುದು ಒಂದು ಬಗೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಮೊರಾಗಾ, ಲಫಯೆಟ್ ಊರುಗಳಲ್ಲಿ 2020ರ ಜುಲೈನಿಂದ 2021ರ ಫೆಬ್ರವರಿಯೊಳಗೆ ಐದು ಜನರಿಗೆ ಕಯೋಟಿ ಕಚ್ಚಿತು. ಗಾಯಗಳಿಂದ ಸಿಕ್ಕ ಡಿಎನ್‌ಎ ಪರೀಕ್ಷಿಸಿದಾಗ ಒಂದೇ ಪ್ರಾಣಿಯ ಕೆಲಸ ಅಂತ ತಿಳಿಯಿತು. ಮಾರ್ಚ್‌ನಲ್ಲಿ ಅದನ್ನು ಹಿಡಿದು ಕೊಂದರು, ಡಿಎನ್‌ಎ ಹೊಂದಿತು. ಟೆಕ್ಸಸ್‌ನ ಫ್ರಿಸ್ಕೊದಲ್ಲಿ 2018ರ ಕೊನೆಯ ತಿಂಗಳುಗಳಲ್ಲಿ ಎಲ್ಡೊರಾಡೊ ಪಾರ್ಕ್‌ವೇ ಸುತ್ತಮುತ್ತ ಓಟಕ್ಕೆ ಹೋದವರ ಮೇಲೆ ಕಯೋಟಿ ಬಿದ್ದಾಗಲೂ ಅಧಿಕಾರಿಗಳು ಬೋನು, ಗುಂಡು ಎರಡಕ್ಕೂ ಕೈ ಹಾಕಿದರು. ಇಂಥ ಕಡೆ ಬೇರೆ ದಾರಿ ನನಗೂ ತೋಚುವುದಿಲ್ಲ. ಜನರ ಮೇಲೆ ಬೀಳಲು ಕಲಿತ ಪ್ರಾಣಿಗೆ ಸಮಯ ಕೊಡಬಾರದು.

ಇನ್ನೊಂದು ಬಗೆ, ಎಚ್‌ಒಎ ದುಡ್ಡು ಕೂಡಿಸಿ ಖಾಸಗಿಯವರನ್ನು ಕರೆಸಿ ಸಿಕ್ಕಷ್ಟು ಹಿಡಿಸುವುದು. ಇದು ಹಣ ಸುರಿದು ಸುಮ್ಮನಿರುವ ಕೆಲಸ. ಅಮೆರಿಕದ ಕೃಷಿ ಇಲಾಖೆಯ ವೈಲ್ಡ್‌ಲೈಫ್ ಸರ್ವಿಸಸ್ ವಿಭಾಗವೇ ವರ್ಷಕ್ಕೆ 60 ಸಾವಿರದ ಆಸುಪಾಸು ಕಯೋಟಿಗಳನ್ನು ಕೊಲ್ಲುತ್ತದೆ. ಆದರೂ ಅವು ಹರಡುತ್ತಲೇ ಇವೆ. ಕಾರಣ ಇದೆ. ಪ್ರತಿ ನಗರದಲ್ಲೂ ಸ್ವಂತ ಜಾಗವಿಲ್ಲದೆ ಅಲೆಯುವ ಒಂಟಿ ಕಯೋಟಿಗಳಿರುತ್ತವೆ. ಒಂದು ಜೋಡಿಯನ್ನು ತೆಗೆದರೆ ಆ ಜಾಗ ಖಾಲಿ ಇದೆ ಅಂತ ಅವಕ್ಕೆ ಬೇಗ ಗೊತ್ತಾಗುತ್ತದೆ. ಊಟ ಅಲ್ಲೇ ಇದ್ದರೆ ಹೊಸಬರು ಬಂದು ಕೂರುತ್ತಾರೆ. ಮನುಷ್ಯರಿಂದ ದೂರ ಇದ್ದ ಜೋಡಿಯನ್ನು ತೆಗೆಸಿ, ಹೇಗಿರುತ್ತದೋ ಗೊತ್ತಿಲ್ಲದ ಇನ್ನೊಂದನ್ನು ಕರೆಸಿಕೊಂಡ ಹಾಗೆ.

ಹಿಡಿಯುವುದೂ ಸುಲಭವಲ್ಲ. ಪಂಜರದಂಥ ಬೋನಿಗೆ ದೊಡ್ಡ ಕಯೋಟಿ ಕಾಲಿಡುವುದು ಕಡಿಮೆ. ರಕೂನ್, ಪಕ್ಕದ ಮನೆಯ ಬೆಕ್ಕು ಸಿಗುತ್ತವೆ. ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಬೋನನ್ನು ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲೇ ನಿಷೇಧಿಸಿದ್ದಾರೆ. ನೀವೇ ಬೋನು ಇಡುವುದು, ಗುಂಡು ಹೊಡೆಯುವುದು ಹೆಚ್ಚಿನ ನಗರಗಳಲ್ಲಿ ಅಪರಾಧ. ಎಚ್‌ಒಎ ಸಭೆಯಲ್ಲಿ ಈ ಪ್ರಸ್ತಾಪ ಬಂದರೆ ಕೇಳಬೇಕಾದ ಪ್ರಶ್ನೆ: ಯಾವ ಕಯೋಟಿ, ಏನು ಮಾಡಿತು? ಉತ್ತರ ಇಲ್ಲದಿದ್ದರೆ ಅದೇ ದುಡ್ಡಿಗೆ ಬಿಗಿ ಮುಚ್ಚಳದ ಕಸದ ಡಬ್ಬಿಗಳು ಬರುತ್ತವೆ.

ಬೆಕ್ಕು, ಚಿಕ್ಕ ನಾಯಿ, ಊರಿಂದ ಬಂದ ಅಪ್ಪ ಅಮ್ಮ

ಬೆಕ್ಕಿಗೆ ಒಂದೇ ಉತ್ತರ, ಮನೆಯೊಳಗೆ. ಬಿಸಿಲು ಬೇಕಂದರೆ ಜಾಲರಿ ಹಾಕಿದ ಪಡಸಾಲೆ. ಚಿಕ್ಕ ನಾಯಿಗೆ ಮುಳ್ಳಿನ ಕೊರಳುಪಟ್ಟಿ ಇರುವ ಗಟ್ಟಿ ಬಟ್ಟೆಯ ಕಯೋಟಿ ವೆಸ್ಟ್ ಸಿಗುತ್ತದೆ. ಅದು ಕಚ್ಚಿದ ಮೇಲೆ ಉಳಿಸಬಹುದಾದ ಸಾಧನ, ಕಚ್ಚದಂತೆ ತಡೆಯುವುದಲ್ಲ. ಅದಕ್ಕಿಂತ ಆರು ಅಡಿಯ ಮಾಮೂಲಿ ಲೀಶ್ ಮೇಲು. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಬೇಡ. ರಾತ್ರಿ ಕೊನೆಯ ಸಲ ನಾಯಿಯನ್ನು ಹೊರಗೆ ಬಿಡುವಾಗ ದೀಪ ಹಾಕಿ, ನೀವೂ ಹೋಗಿ.

ಬೆಳಕು ಹರಿಯುವ ಮುಂಚೆ ವಾಕಿಂಗ್ ಹೊರಡುವ ಹಿರಿಯರಿಗೆ ಕೊಡೆ ಕೊಟ್ಟು ಕಳಿಸಿ. ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚುವ ಕೊಡೆ. ಅದನ್ನು ಕಯೋಟಿಯ ಎದುರು ಬಿಚ್ಚಿದರೆ ಸಾಕು. ಕೊರಳಿಗೊಂದು ಸೀಟಿ. ಮೊಮ್ಮಗು ಜೊತೆಗಿದ್ದರೆ ಮೊದಲು ಎತ್ತಿಕೊಳ್ಳಬೇಕು, ಆಮೇಲೆ ಗದರಿಸಬೇಕು ಅಂತ ಹೇಳಿರಿ. "ಪಾಪ ನಾಯಿ" ಅಂತ ಬಿಸ್ಕೆಟ್ ಎಸೆಯಬಾರದು ಅಂತಲೂ.

ಕಚ್ಚಿದರೆ, ಅಥವಾ ಹಲ್ಲು ತಗುಲಿ ತರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ನಾಯಿಗಳ ನಡುವೆ ಹರಡುವ ರೇಬೀಸ್ ಅಮೆರಿಕದಲ್ಲಿ ಇಲ್ಲವೆಂದು 2007ರಲ್ಲಿ ಘೋಷಿಸಿದ್ದಾರೆ, ನಿಜ. ಆದರೆ ಸ್ಕಂಕ್, ರಕೂನ್‌ಗಳಿಂದ ಕಯೋಟಿಗೂ ಅಂಟಬಹುದು. ಚುಚ್ಚುಮದ್ದು ಬೇಕೋ ಬೇಡವೋ ಡಾಕ್ಟರೇ ಹೇಳಲಿ.

ನಗರಕ್ಕೆ ದೂರು ಕೊಡುವಾಗ "ಕಯೋಟಿ ಇದೆ" ಅಂತ ಬರೆದರೆ ಅವರಿಗೂ ಏನೂ ಮಾಡಲಾಗುವುದಿಲ್ಲ. ದಿನ, ಗಂಟೆ, ಯಾವ ತಿರುವು, ಎಷ್ಟು ದೂರಕ್ಕೆ ಬಂತು, ನಾಯಿ ಲೀಶಿನಲ್ಲಿತ್ತೋ ಇಲ್ಲವೋ, ಗದರಿಸಿದಾಗ ಏನು ಮಾಡಿತು, ಹತ್ತಿರದಲ್ಲಿ ಯಾರಾದರೂ ತಿಂಡಿ ಹಾಕುತ್ತಾರೋ, ಇಷ್ಟು ಬರೆಯಿರಿ. ವಾಟ್ಸಾಪಿಗೆ ಹಾಕಿದ ವಿಡಿಯೋವನ್ನೂ ಅದರ ಜೊತೆ ಕಳಿಸಿ.